ಬಾಗಿಲ ಪಕ್ಕದ ಸ್ಟೂಲು

ನರ್ಸಿಂಗ್ ಕಾಲೇಜಿನಲ್ಲಿ ಎಲ್ಲರೂ ಅವರನ್ನು ಯಾಕಮ್ಮ ಎನ್ನುತ್ತಿದ್ದರು. ಹೆತ್ತವರು ಇಟ್ಟ ಒಳ್ಳೆಯ ಹೆಸರೊಂದು ಇತ್ತು. ಅದು ಸ್ಟಾಫ್ ರೂಮಿನ ಬಾಗಿಲ ಮೇಲಿನ ಬೋರ್ಡಿನಲ್ಲಿ ಧೂಳು ತಿನ್ನುತ್ತಿತ್ತು. ತಡವಾಗಿ ಬಂದವರಿಗೆ ‘ಯಾಕೆ?’, ಬೇಗ ಬಂದವರಿಗೂ ‘ಯಾಕೆ?’. ಕೂದಲು ಕತ್ತರಿಸಿಕೊಂಡರೆ ಯಾಕೆ, ಬೆಳೆಸಿಕೊಂಡರೆ ಯಾಕೆ. ಇದರಲ್ಲಿ ಕೇಡಿನ ಬುದ್ಧಿ ಎಳ್ಳಷ್ಟೂ ಇರಲಿಲ್ಲ. ಇನ್ನೊಬ್ಬರ ಕಷ್ಟಸುಖ ತಿಳಿದುಕೊಳ್ಳದಿದ್ದರೆ ಅವರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ, ಅಷ್ಟೇ. ಮನೆಯಲ್ಲಿ ಜೊತೆಗಿದ್ದ ಅವರ ಅಮ್ಮನೂ ಅದೇ ಪೈಕಿ. ತಾಯಿ ಮಗಳು ಎದುರುಬದುರು ಕೂತರೆ ಇಬ್ಬರೂ ಪ್ರಶ್ನೆ ಕೇಳುವವರೇ, ಉತ್ತರ ಹೇಳುವವರು ಇಲ್ಲದೆ ಟೀ ತಣ್ಣಗಾಗುತ್ತಿತ್ತು.

ಇಂಥವರ ಕೊರಳಿಗೆ ಪ್ರಿನ್ಸಿಪಾಲರು ಒಂದು ಹೊಸ ಪಾಠ ಕಟ್ಟಿದರು. ಮನಸ್ಸಿಗೆ ಪೆಟ್ಟು ತಿಂದು ಬಂದ ರೋಗಿಯನ್ನು ಹೇಗೆ ನೋಡಿಕೊಳ್ಳಬೇಕು ಎನ್ನುವ ಪಾಠ. ಮನೆಯಲ್ಲೇ ಹೊಡೆತ ತಿಂದವರು, ಅಪಘಾತದಲ್ಲಿ ಪಕ್ಕದ ಸೀಟಿನವರನ್ನು ಕಳೆದುಕೊಂಡವರು, ಬಾಯಿಬಿಟ್ಟು ಹೇಳಲಾಗದ್ದನ್ನು ಕಂಡವರು ಆಸ್ಪತ್ರೆಗೆ ಬರುತ್ತಾರೆ. ಅವರ ಗಾಯಕ್ಕೆ ಬಟ್ಟೆ ಕಟ್ಟುವಾಗ ಹಳೆಯ ಗಾಯ ಕೆದರಬಾರದು. ಮುಟ್ಟುವ ಮುಂಚೆ ಹೇಳಿ. ಹೇಳಿದ ಮೇಲೆ ಕೇಳಿ. ಕೇಳಿದ ಮೇಲೆ ಉತ್ತರ ಬರುವ ತನಕ ಕಾಯಿರಿ. ರೋಗಿಗೂ ಬಾಗಿಲಿಗೂ ನಡುವೆ ಗೋಡೆಯ ಹಾಗೆ ನಿಲ್ಲಬೇಡಿ. ಎಲ್ಲಕ್ಕಿಂತ ದೊಡ್ಡ ನಿಯಮ, ‘ಯಾಕೆ ಹೀಗಾಯ್ತು, ಯಾಕೆ ಅಲ್ಲೇ ಇದ್ರಿ, ಯಾಕೆ ಮೊದಲೇ ಹೇಳಲಿಲ್ಲ’ ಅಂತ ಜೀವ ತಿನ್ನಬೇಡಿ. ಈ ಕೊನೆಯದನ್ನು ಯಾಕಮ್ಮ ಬೋರ್ಡಿನ ಮೇಲೆ ಬರೆದಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಇಡೀ ಕ್ಲಾಸಿಗೆ ಕೆಮ್ಮು ಹತ್ತಿತು.

ಪಾಠ ನಡೆಯುತ್ತಿದ್ದದ್ದು ‘ಸುಳ್ಳು ವಾರ್ಡಿ’ನಲ್ಲಿ. ಮೇಲಿನ ಮಹಡಿಯ ಕೊನೆಯಲ್ಲಿ ಮುರಿದ ಕುರ್ಚಿ ತುಂಬಿಡುತ್ತಿದ್ದ ಕೋಣೆಗೆ ಸುಣ್ಣ ಹೊಡೆದು ಅದನ್ನು ವಾರ್ಡು ಮಾಡಿದ್ದರು. ಮಂಚಗಳಿದ್ದವು, ಔಷಧಿ ಟ್ರಾಲಿ ಇತ್ತು, ನೀರು ಬಾರದ ನಲ್ಲಿಯ ಕೆಳಗೆ ಕೈ ತೊಳೆದ ಹಾಗೆ ನಟಿಸಲು ಒಂದು ಸಿಂಕು ಇತ್ತು. ಎರಡು ಮಂಚಗಳ ಮೇಲೆ ರಬ್ಬರಿನ ಗೊಂಬೆಗಳು ಮಲಗಿರುತ್ತಿದ್ದವು. ಮೂರನೆಯದರ ಮೇಲೆ ಜೀವಂತ ರೋಗಿ. ಈ ರೋಗಿಯ ಪಾತ್ರಕ್ಕೆ ಬರುತ್ತಿದ್ದವರು ಎದುರು ಬೀದಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟ ಒಬ್ಬ ಹೆಂಗಸು. ಎಲ್ಲರ ಬಾಯಲ್ಲೂ ಅವರು ನಾಟಕದಕ್ಕ. ಅಳುವುದರಲ್ಲಿ ಎತ್ತಿದ ಕೈ. ‘ಸ್ವಲ್ಪ ನೋವಿದೆ ಅಂತ ತೋರಿಸಿ ಸಾಕು’ ಎಂದರೆ ಕೆಳಗಿನ ಮಹಡಿಯವರು ಓಡಿಬರುವ ಹಾಗೆ ಗೋಳಾಡುತ್ತಿದ್ದರು. ಒಂದು ಗೋಡೆಯ ಅರ್ಧಕ್ಕೆ ಗಾಜು. ಅದರ ಹಿಂದೆ ನಿಂತು ಯಾಕಮ್ಮ ನೋಡುತ್ತಿದ್ದರು, ಸರದಿ ಬಾರದವರು ಒಳಗೇ ಗೋಡೆಯುದ್ದಕ್ಕೂ ನಿಂತಿರುತ್ತಿದ್ದರು. ಆಟ ಮುಗಿದ ಮೇಲೆ ಎಲ್ಲರೂ ಸುತ್ತ ಕೂತು, ಎಲ್ಲಿ ಸರಿಹೋಯಿತು, ಎಲ್ಲಿ ಕೈತಪ್ಪಿತು ಎಂದು ಮಾತಾಡುವುದು ಪದ್ಧತಿ.

ಬಾಗಿಲ ಪಕ್ಕ ಒಂದು ಕಬ್ಬಿಣದ ಸ್ಟೂಲು ಇತ್ತು. ಅದನ್ನು ಅಲ್ಲಿ ಇಟ್ಟದ್ದು ಯಾಕಮ್ಮನೇ.

‘ನೋಡ್ರಪ್ಪಾ,’ ಎಂದಿದ್ದರು ಮೊದಲ ದಿನ, ‘ಇಲ್ಲಿ ನಡೆಯೋದು ಆಟಾನೇ, ಆದ್ರೆ ಮನಸ್ಸಿಗೆ ಅದು ಗೊತ್ತಾಗಲ್ಲ. ಯಾರಿಗಾದ್ರೂ ಕಷ್ಟ ಅನ್ನಿಸಿದ್ರೆ ಇದ್ದದ್ದನ್ನ ಇದ್ದ ಹಾಗೇ ಬಿಟ್ಟು ಬಂದು ಈ ಸ್ಟೂಲ್ ಮೇಲೆ ಕೂತ್ಕೊಬಹುದು. ಕೂತೋರನ್ನ ಯಾರೂ ಏನೂ ಕೇಳೋ ಹಾಗಿಲ್ಲ. ನಾನೂ ಕೇಳಲ್ಲ.’

‘ನೀವೂನಾ ಮೇಡಂ?’ ಎಂದು ಒಬ್ಬ ಕಣ್ಣರಳಿಸಿದ. ಕ್ಲಾಸು ಹೊಟ್ಟೆ ಹಿಡಿದು ನಕ್ಕಿತು. ಯಾಕಮ್ಮನೂ ನಕ್ಕರು, ಆದರೆ ಒಳಗೆ ಸ್ವಲ್ಪ ಚುರುಕ್ಕೆಂದಿತು. ಆಮೇಲೆ ಸ್ಟೂಲಿನ ಮೇಲೆ ಯಾರೂ ಕೂರಲಿಲ್ಲ. ನೀರಿನ ಬಾಟಲಿ, ಚೀಲ, ಯಾರದೋ ಸ್ವೆಟರು, ಹೀಗೆ ಬೇಕಾದ್ದು ಬೇಡದ್ದೆಲ್ಲ ಅದರ ಮೇಲೆ ಸೇರಿಕೊಂಡಿತು.

ಆ ಕ್ಲಾಸಿನ ಮೊದಲ ಬೆಂಚಿನಲ್ಲಿ ಒಬ್ಬಳಿದ್ದಳು, ಆಯ್ತಮ್ಮ. ಇದೂ ಗೆಳತಿಯರು ಕಟ್ಟಿದ ಹೆಸರೇ. ಏನು ಹೇಳಿದರೂ ‘ಆಯ್ತು’. ನನ್ನ ಡ್ಯೂಟಿ ನೀನು ಮಾಡ್ತೀಯಾ? ಆಯ್ತು. ಕಿಟಕಿ ಪಕ್ಕದ ಜಾಗ ನನಗೆ ಬಿಡ್ತೀಯಾ? ಆಯ್ತು. ಬೋರ್ಡು ಒರೆಸು, ಗೊಂಬೆಗಳ ಹಾಸಿಗೆ ಬದಲಾಯಿಸು, ನಾಳೆ ಬೇಗ ಬಾ, ಎಲ್ಲಕ್ಕೂ ಆಯ್ತು ಮೇಡಂ. ಓದಿನಲ್ಲಿ ಎಲ್ಲರಿಗಿಂತ ಮುಂದೆ. ಅದಕ್ಕಿಂತ ಹೆಚ್ಚಾಗಿ, ಬ್ಯಾಂಡೇಜು ಸುತ್ತುವಾಗ ಅವಳ ಬೆರಳುಗಳನ್ನು ನೋಡಬೇಕು; ರಬ್ಬರಿನ ಗೊಂಬೆಗೂ ನೋವಾಗಬಾರದು ಎನ್ನುವ ಹಾಗೆ ಸುತ್ತುತ್ತಿದ್ದಳು. ಇಷ್ಟು ವರ್ಷದ ಪಾಠದಲ್ಲಿ ಯಾಕಮ್ಮ ಅಂಥ ಕೈಗಳನ್ನು ಕಂಡದ್ದು ಕಡಿಮೆ. ಆ ಹುಡುಗಿಯ ಮೇಲೆ ಅವರಿಗೆ ಹೇಳಲಾಗದಷ್ಟು ಅಕ್ಕರೆ ಇತ್ತು.

ವಾರ್ಡಿಗೆ ಹೋಗುವ ಮುಂಚಿನ ಪರೀಕ್ಷೆ ಬಂತು. ಒಬ್ಬೊಬ್ಬರೂ ಸುಳ್ಳು ವಾರ್ಡಿನಲ್ಲಿ ಒಂದು ಆಟ ಮಾಡಿ ತೋರಿಸಬೇಕು, ಪಾಸಾದವರು ನಿಜವಾದ ವಾರ್ಡಿಗೆ. ಅಂದಿನ ಆಟ ಹೀಗಿತ್ತು: ಭುಜಕ್ಕೆ ಗಾಯವಾದ ಹೆಂಗಸು ಬಂದಿದ್ದಾಳೆ, ಹೇಗಾಯಿತು ಎಂದು ಹೇಳುತ್ತಿಲ್ಲ, ಹತ್ತಿರ ಹೋದರೆ ಮುದುಡಿಕೊಳ್ಳುತ್ತಾಳೆ. ಆಯ್ತಮ್ಮನ ಸರದಿ. ಸಹಾಯಕ್ಕೆ ಜೊತೆಯಲ್ಲಿ ಅವಳ ಗೆಳತಿ ಒಬ್ಬಳು.

ಆಯ್ತಮ್ಮ ಬಾಗಿಲು ತಟ್ಟಿ ಒಳಗೆ ಬಂದಳು, ತಾನು ಯಾರೆಂದು ಹೇಳಿದಳು, ರೋಗಿಯ ಕಣ್ಣಿನ ಮಟ್ಟಕ್ಕೆ ಬರುವಂತೆ ಕೂತಳು. ಗಾಜಿನ ಹಿಂದೆ ಯಾಕಮ್ಮನ ಮುಖ ಊರಗಲವಾಯಿತು. ಅಷ್ಟರಲ್ಲಿ ಗೆಳತಿ, ಪಾಠದಲ್ಲಿ ಹೇಳಿಕೊಟ್ಟ ಹಾಗೆಯೇ, ರೋಗಿಯ ಮಾನ ಮುಚ್ಚಲೆಂದು ಮಂಚದ ಸುತ್ತಿನ ಪರದೆಯನ್ನು ಆಯ್ತಮ್ಮನ ಬೆನ್ನ ಹಿಂದಿನಿಂದ ಒಂದೇ ಸಲಕ್ಕೆ ಎಳೆದಳು. ಕಂಬಿಯ ಮೇಲೆ ಪರದೆಯ ಬಳೆಗಳು ಸರ್ರ್ ಎಂದು ಓಡಿದವು.

ಆಯ್ತಮ್ಮನ ಕೈ ಗಾಳಿಯಲ್ಲೇ ನಿಂತಿತು. ಹಿಡಿದಿದ್ದ ಹತ್ತಿಯನ್ನು ಅವಳು ತಟ್ಟೆಯಲ್ಲಿ ಜೋಪಾನವಾಗಿ ಇಟ್ಟಳು. ಪರದೆಯ ಅಂಚು ಹುಡುಕಿ ಹೊರಗೆ ಬಂದಳು. ನೇರ ಬಾಗಿಲ ಕಡೆ ನಡೆದು, ಸ್ಟೂಲಿನ ಮೇಲಿದ್ದ ಬಾಟಲಿಗಳನ್ನು ಒಂದೊಂದಾಗಿ ಕೆಳಗಿಳಿಸಿ, ಕೂತಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು. ಪರದೆಯೊಳಗೆ ನಾಟಕದಕ್ಕ ಇದ್ಯಾವುದೂ ತಿಳಿಯದೆ ಇನ್ನೊಂದು ಸುತ್ತು ಅತ್ತರು, ಆಮೇಲೆ ಒಂದು ಕಣ್ಣು ತೆರೆದು, ‘ಎಲ್ರೂ ಎಲ್ಲಿ ಹೋದ್ರು?’ ಎಂದು ಮೆಲ್ಲಗೆ ಕೇಳಿದರು.

ಯಾಕಮ್ಮ ಗಾಜಿನ ಕೋಣೆಯಿಂದ ಓಡಿಬಂದರು. ಹುಡುಗಿಯ ಮುಖ ಸುಣ್ಣದ ಗೋಡೆಯಾಗಿತ್ತು. ಅವರ ಬಾಯಿ ತಾನಾಗಿಯೇ ತೆರೆಯಿತು.

‘ಯಾ...’

ಕ್ಲಾಸಿಗೆ ಕ್ಲಾಸೇ ಅವರ ಬಾಯಿಯನ್ನು ನೋಡಿತು. ಸ್ಟೂಲಿನ ಮೇಲಿನ ಹುಡುಗಿಯೂ ತಲೆ ಎತ್ತಿದಳು.

‘ಯಾ... ಯಾರಿಗೆ ನೀರು ಬೇಕು?’ ಎಂದರು ಯಾಕಮ್ಮ.

ಯಾರೂ ನಗಲಿಲ್ಲ. ಆಯ್ತಮ್ಮ ಒಂದು ಕೈಯನ್ನು ತೊಡೆಯ ಕೆಳಗಿನಿಂದ ತೆಗೆದು ಮೇಲೆತ್ತಿದಳು. ಯಾಕಮ್ಮ ಬಾಟಲಿ ಕೊಟ್ಟು, ಹಿಂದೆ ಸರಿದು, ಉಳಿದವರ ಆಟ ಮುಂದುವರಿಸಿದರು. ಪರದೆ ಎಳೆದ ಗೆಳತಿ ಅಳುಮುಖ ಮಾಡಿಕೊಂಡು ಮೂಲೆಗೆ ಹೋದಾಗ ಹಿಂದೆಯೇ ಹೋಗಿ, ‘ನಿನ್ನ ತಪ್ಪೇನಿಲ್ಲ ಮರಿ, ಹಾಗೆ ಎಳಿ ಅಂತ ಹೇಳಿಕೊಟ್ಟಿದ್ದು ನಾನು,’ ಎಂದರು. ಹೇಳುವಾಗಲೇ ಅವರಿಗೆ ಅದು ನಿಜ ಎನ್ನುವುದೂ ಹೊಳೆಯಿತು. ಪರದೆ ಎಳೆದರೆ ಎಲ್ಲರಿಗೂ ನೆಮ್ಮದಿ ಎಂದು ಅವರು ಕಣ್ಣುಮುಚ್ಚಿ ನಂಬಿದ್ದರು.

ಸಂಜೆ ಮನೆಯಲ್ಲಿ ಟೀ ಮುಂದಿಟ್ಟುಕೊಂಡು ಯಾಕಮ್ಮ ಉಸಿರು ಬಿಟ್ಟದ್ದೇ ತಡ, ಅವರ ಅಮ್ಮನ ಕಿವಿ ನೆಟ್ಟಗಾಯಿತು. ಒಬ್ಬ ಹುಡುಗಿ ಆಟ ಬಿಟ್ಟು ಎದ್ದುಹೋದಳು ಎಂದಷ್ಟೇ ಯಾಕಮ್ಮ ಹೇಳಿದರು.

‘ಯಾಕಂತೆ?’

‘ಗೊತ್ತಿಲ್ಲಮ್ಮ.’

‘ಗೊತ್ತಿಲ್ಲ? ನಿಂಗೆ?’ ಅಮ್ಮ ಲೋಟ ಕೆಳಗಿಟ್ಟರು. ‘ಮೈ ಹುಷಾರಿದೆ ತಾನೇ? ಪಕ್ಕಕ್ಕೆ ಕರ್ದು ಬೆನ್ನು ಸವರಿ ಒಂದು ಮಾತು ಕೇಳಿದ್ರೆ ಆ ಮಗು ಹೇಳ್ತಿರಲಿಲ್ವೇನೇ?’

‘ಹೇಳ್ತಾಳಮ್ಮ. ಕೇಳಿದ್ರೆ ಖಂಡಿತ ಹೇಳ್ತಾಳೆ. ಅದೇ ತೊಂದರೆ.’

ಅಮ್ಮನಿಗೆ ಅರ್ಥವಾಗಲಿಲ್ಲ. ಯಾಕಮ್ಮನಿಗೂ ಆ ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಪೂರ್ತಿ ಅರ್ಥವಾದದ್ದು. ಹೇಳು ಎಂದರೆ ಆ ಹುಡುಗಿ ‘ಆಯ್ತು ಮೇಡಂ’ ಎಂದು, ಬೋರ್ಡು ಒರೆಸಿದ ಹಾಗೆ, ತನ್ನ ಒಳಗಿದ್ದದ್ದನ್ನೆಲ್ಲ ತೆಗೆದು ಮುಂದಿಡುತ್ತಾಳೆ. ಅವಳಿಗೆ ಬೇಕಿದ್ದರೂ ಇಡುತ್ತಾಳೆ, ಬೇಡದಿದ್ದರೂ ಇಡುತ್ತಾಳೆ. ಯಾರು ಯಾವಾಗ ಅವಳಿಗೆ ‘ಆಯ್ತು’ ಎನ್ನುವುದನ್ನು ಕಲಿಸಿದರೋ ಏನೋ, ತಾನೂ ಆ ಸಾಲಿಗೆ ಸೇರುವುದು ಯಾಕಮ್ಮನಿಗೆ ಬೇಕಿರಲಿಲ್ಲ. ಆದರೆ ತಿಳಿದುಕೊಳ್ಳುವ ಆಸೆಯೇನೂ ಕಡಿಮೆಯಾಗಲಿಲ್ಲ. ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಲೇ ಇತ್ತು.

ಮರುದಿನ ಪ್ರಿನ್ಸಿಪಾಲರು ಕರೆಸಿದರು. ಒಳ್ಳೆಯ ಮನುಷ್ಯ, ಅಚ್ಚುಕಟ್ಟಿನವರು, ಮೇಜಿನ ಮೇಲೆ ಒಂದು ಪೆನ್ನು ಓರೆಯಾಗಿದ್ದರೂ ಮಾತು ಮುಂದುವರಿಸಲಾರರು.

‘ಪರದೆ ಎಳೆದ ಕೂಡಲೇ ಆ ಹುಡುಗಿ ಪರೀಕ್ಷೆ ಅರ್ಧಕ್ಕೇ ಬಿಟ್ಟಿದ್ದಾಳಂತೆ. ಕಾರಣ ಏನು?’

‘ಕೇಳಿಲ್ಲ ಸರ್.’

ಅವರು ಪೆನ್ನು ನೆಟ್ಟಗೆ ಮಾಡಿ ಮತ್ತೊಮ್ಮೆ ನೋಡಿದರು. ‘ನೀವು?’

‘ಆ ಸ್ಟೂಲ್ ಮೇಲೆ ಕೂತೋರನ್ನ ಕೇಳಲ್ಲ ಅಂತ ಎಲ್ಲರ ಮುಂದೆ ಹೇಳಿದೀನಿ ಸರ್. ಈಗ ಕೇಳಿದ್ರೆ ನಾಳೆಯಿಂದ ಅದರ ಮೇಲೆ ಬಾಟಲಿ ಇಡೋದೇ ಸರಿ.’

‘ನಾನೂ ಕಟುಕ ಅಲ್ಲ ಮೇಡಂ,’ ಎಂದರು ಪ್ರಿನ್ಸಿಪಾಲರು. ‘ಆದ್ರೆ ನಿಜವಾದ ವಾರ್ಡಲ್ಲಿ ಬಾಗಿಲ ಪಕ್ಕ ಸ್ಟೂಲ್ ಇರಲ್ಲ. ಅಲ್ಲಿ ದಿನವಿಡೀ ಪರದೆ ಎಳೀತಾರೆ. ಅವಳು ನಡುವೆ ಕೈಬಿಟ್ಟು ಹೋದ್ರೆ ರೋಗಿ ಗತಿ ಏನು? ಶುಕ್ರವಾರ ಇನ್ನೊಂದು ಸಲ ಮಾಡ್ಲಿ. ಆಗದಿದ್ರೆ ಬೇರೆ ಕೋರ್ಸ್ ನೋಡ್ಕೊಳೋದು ಅವಳಿಗೂ ಒಳ್ಳೇದು. ಬೇಕಾದ್ರೆ ನಾನೇ ಕರೆದು ಹೇಳ್ತೀನಿ.’

‘ನೀವು ಹೇಳೋದು ಬೇಡ ಸರ್,’ ಎಂದು ಯಾಕಮ್ಮ ಗಾಬರಿಯಿಂದ ಎದ್ದುಬಿಟ್ಟರು. ಪ್ರಿನ್ಸಿಪಾಲರು ಕರೆದು ‘ಬೇರೆ ಕೋರ್ಸು ನೋಡ್ಕೋಮ್ಮ’ ಎಂದರೆ ಆ ಹುಡುಗಿ ಏನೆನ್ನುತ್ತಾಳೆ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಯ್ತು ಸರ್ ಎಂದು, ಚೀಲ ಹೆಗಲಿಗೇರಿಸಿ, ಅದೇ ದಿನ ಹೊರಟುಬಿಡುತ್ತಾಳೆ. ಆ ಕೈಗಳು ಎಲ್ಲೋ ಯಾವುದೋ ಕೌಂಟರಿನ ಹಿಂದೆ ಬಿಲ್ಲು ಹರಿಯುತ್ತ ಕೂರುತ್ತವೆ.

ಪ್ರಿನ್ಸಿಪಾಲರು ಹೇಳಿದ್ದರಲ್ಲಿ ತಪ್ಪು ಹುಡುಕಲು ಯಾಕಮ್ಮ ಮೆಟ್ಟಿಲು ಇಳಿಯುವಷ್ಟು ಹೊತ್ತೂ ನೋಡಿದರು. ಸಿಗಲಿಲ್ಲ. ರೋಗಿಯ ಗತಿ ಏನು ಎನ್ನುವುದು ನ್ಯಾಯವಾದ ಪ್ರಶ್ನೆಯೇ.

ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ಆಯ್ತಮ್ಮನನ್ನು ಸುಳ್ಳು ವಾರ್ಡಿಗೆ ಕರೆದರು. ಬಾಗಿಲು ತೆರೆದೇ ಇಟ್ಟರು.

‘ಶುಕ್ರವಾರ ಇನ್ನೊಂದ್ಸಲ ಮಾಡ್ಬೇಕು ಅಂತಿದಾರೆ ಪ್ರಿನ್ಸಿಪಾಲರು.’

‘ಆಯ್ತು ಮೇಡಂ.’

‘ಆಯ್ತು ಅಂತ ಆಮೇಲೆ ಹೇಳುವೆಯಂತೆ. ನಂಗೆ ಕಾರಣ ಬೇಡ, ಕಥೆ ಬೇಡ. ಇಷ್ಟೇ ಹೇಳು. ಈ ಕೋಣೆಯಲ್ಲಿ ಏನು ಬದಲಾದ್ರೆ ನಿಂಗೆ ಅನುಕೂಲ ಆಗುತ್ತೆ?’

‘ಏನೂ ಬೇಡ ಮೇಡಂ. ಹೀಗೇ ಇರ್ಲಿ. ನಾನು ಮಾಡ್ತೀನಿ.’

ಬೇರೆ ದಿನವಾಗಿದ್ದರೆ ಯಾಕಮ್ಮ ಅಲ್ಲಿಂದ ಪ್ರಶ್ನೆಗಳ ಸರಮಾಲೆಯನ್ನೇ ಬಿಚ್ಚುತ್ತಿದ್ದರು. ಅಂದು ಅವರು ಹೋಗಿ ತಾವೇ ಆ ಸ್ಟೂಲಿನ ಮೇಲೆ ಕೂತರು. ಕೇಳಿದ ಮೇಲೆ ಉತ್ತರ ಬರುವ ತನಕ ಕಾಯಿರಿ ಎಂದು ಬೋರ್ಡಿನ ಮೇಲೆ ಬರೆಯುವುದು ಸುಲಭ. ಕಾಯುವುದು ಎಂಥ ಯಾತನೆ ಎಂದು ಅವರಿಗೆ ಆಗ ಗೊತ್ತಾಯಿತು. ಸ್ಟೂಲಿನ ಒಂದು ಕಾಲು ಗಿಡ್ಡ, ಉಸಿರಾಡಿದರೂ ಟಕ್ ಎನ್ನುತ್ತಿತ್ತು. ನಾಲಿಗೆ ತುದಿಗೆ ಬಂದ ಮಾತನ್ನು ಅವರು ಎಷ್ಟೋ ಸಲ ನುಂಗಿದರು. ಕೆಳಗೆ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಮಂಚದ ಮೇಲಿನ ರಬ್ಬರ್ ಗೊಂಬೆ ಛಾವಣಿ ನೋಡುತ್ತ ಮಲಗಿತ್ತು, ಅದರ ತಾಳ್ಮೆ ಕಂಡು ಯಾಕಮ್ಮನಿಗೆ ಹೊಟ್ಟೆಕಿಚ್ಚಾಯಿತು.

ಆಯ್ತಮ್ಮ ಮೊದಲು ನಿಂತಲ್ಲೇ ನಿಂತಿದ್ದಳು. ಇನ್ನೇನೋ ಅಪ್ಪಣೆ ಬರುತ್ತದೆ ಎಂದು ಕಾದಳು. ಬರಲಿಲ್ಲ. ಮೆಲ್ಲಗೆ ಟ್ರಾಲಿಯನ್ನು ಸ್ವಲ್ಪ ತಳ್ಳಿದಳು, ಮತ್ತೆ ಇದ್ದಲ್ಲಿಗೇ ತಂದಳು. ಮಂಚದ ಸುತ್ತ ಒಮ್ಮೆ ನಡೆದಳು. ಕೊನೆಗೆ ಪರದೆಯ ಹತ್ತಿರ ಹೋಗಿ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಒಂದು ಬಳೆ, ಇನ್ನೊಂದು ಬಳೆ, ಹೀಗೆ ಸದ್ದೇ ಆಗದ ಹಾಗೆ ಸರಿಸಿದಳು. ಅರ್ಧ ದಾರಿಯಲ್ಲಿ ನಿಂತು, ಪರದೆಯನ್ನೇ ನೋಡುತ್ತ ಹೇಳಿದಳು:

‘ಇದನ್ನ ನನ್ನ ಬೆನ್ನ ಹಿಂದೆ ಯಾರೂ ಎಳೀಬಾರ್ದು ಮೇಡಂ. ಎಳೆಯೋದಾದ್ರೆ ನಾನೇ ಎಳೀತೀನಿ.’

‘ಸರಿ,’ ಎಂದರು ಯಾಕಮ್ಮ. ‘ಇನ್ನೇನಾದ್ರೂ?’

‘ಅಷ್ಟೇ ಮೇಡಂ.’

ಯಾಕಮ್ಮ ತುಟಿ ಕಚ್ಚಿ ಹಿಡಿದರು. ಅವಳು ಹೋದ ಮೇಲೆ ಅವರೂ ಪರದೆಯ ಹತ್ತಿರ ಹೋಗಿ ಒಂದು ಸಲ ಸರ್ರ್ ಎಂದು ಎಳೆದು ನೋಡಿದರು. ಅವರಿಗೆ ಅದು ಬರೀ ಪರದೆ. ಇನ್ನೊಬ್ಬರಿಗೆ ಅದು ಏನೆಂದು ತಿಳಿಯುವ ದಾರಿಯೇ ಇರಲಿಲ್ಲ, ಅದು ಅವರಿಗೆ ದುಃಖ ತಂದಿತು.

ಶುಕ್ರವಾರ ಗಾಜಿನ ಹಿಂದೆ ಪ್ರಿನ್ಸಿಪಾಲರೂ ಬಂದು ನಿಂತರು. ಯಾಕಮ್ಮ ಸ್ಟೂಲನ್ನು ಒರೆಸಿ, ಅದರ ಮೇಲೆ ಏನೂ ಇಡದೆ, ಇದ್ದಲ್ಲೇ ಇಟ್ಟಿದ್ದರು.

ಆಯ್ತಮ್ಮ ಬಾಗಿಲು ತಟ್ಟಿದಳು, ಬಂದಳು, ತಾನು ಯಾರೆಂದು ಹೇಳಿದಳು, ಕೂತಳು. ನಾಟಕದಕ್ಕ ಭುಜ ಹಿಡಿದುಕೊಂಡು ಮುದುಡಿದರು, ಅಳುವಿಗೆ ಗಂಟಲು ಸರಿಮಾಡಿಕೊಂಡರು. ಗೆಳತಿ ಎದುರಿಗೆ, ಎಲ್ಲರಿಗೂ ಕಾಣುವ ಜಾಗದಲ್ಲಿ, ತಟ್ಟೆ ಹಿಡಿದು ನಿಂತಿದ್ದಳು. ಈಗ ಪರದೆ. ಆಯ್ತಮ್ಮ ಎದ್ದು ಅದರ ಅಂಚನ್ನು ಹಿಡಿದಳು.

ಅವಳು ಎಳೆಯಲಿಲ್ಲ.

‘ಅಕ್ಕಾ,’ ಎಂದಳು, ‘ಗಾಯ ನೋಡ್ಬೇಕಾದ್ರೆ ತೋಳು ಸ್ವಲ್ಪ ಸರಿಸ್ಬೇಕಾಗುತ್ತೆ. ಈ ಪರದೆ ಹಾಕೋಣ್ವಾ, ಇಲ್ಲಾ ಹೀಗೇ ಬಾಗಿಲು ಕಾಣ್ತಾ ಇರ್ಲಾ?’

ನಾಟಕದಕ್ಕನ ಪಾತ್ರಕ್ಕೆ ಮಾತಿರಲಿಲ್ಲ, ಬರೀ ಅಳು. ಆಯ್ತಮ್ಮ ಕಾದಳು. ಮೊನ್ನೆ ಸ್ಟೂಲಿನ ಮೇಲೆ ಕೂತು ಯಾಕಮ್ಮ ಕಾದಂತೆ ಒದ್ದಾಡಿಕೊಂಡು ಅಲ್ಲ. ಎಷ್ಟು ಹೊತ್ತಾದರೂ ಅಡ್ಡಿಯಿಲ್ಲ ಎನ್ನುವಂತೆ ಕಾದಳು. ಪ್ರಿನ್ಸಿಪಾಲರು ಒಮ್ಮೆ ಗಡಿಯಾರ ನೋಡಿ, ಆಮೇಲೆ ನೋಡುವುದನ್ನು ಬಿಟ್ಟರು.

ನಾಟಕದಕ್ಕ ತಲೆ ಎತ್ತಿದರು. ‘ಅರ್ಧ,’ ಎಂದರು. ‘ಅರ್ಧ ಹಾಕು.’

‘ನೀವೇ ಎಳೀತೀರಾ? ನಿಮ್ಮ ಕೈಗೇ ಕೊಡ್ಲಾ?’

ಪರದೆಯ ಅಂಚನ್ನು ಅವಳು ಮಂಚದ ಬಳಿಗೆ ತಂದು ಕೊಟ್ಟಳು. ನಾಟಕದಕ್ಕ ಗಾಯವಿಲ್ಲದ ಕೈ ಚಾಚಿ ಅದನ್ನು ತಮಗೆ ಬೇಕಾದಷ್ಟು ಸರಿಸಿಕೊಂಡರು, ಇನ್ನೂ ಸ್ವಲ್ಪ, ಇಲ್ಲ ಇಷ್ಟು ಸಾಕು. ಆಮೇಲೆ ತೋಳನ್ನು ತಾವಾಗಿಯೇ ಮುಂದಿಟ್ಟರು. ಆಯ್ತಮ್ಮನ ಬೆರಳುಗಳು ಕೆಲಸ ಶುರುಮಾಡಿದವು. ಒಂದು ಹನಿ ಕಣ್ಣೀರಿಲ್ಲದೆ ಬ್ಯಾಂಡೇಜು ಮುಗಿಯಿತು.

‘ಹೀಗೆ ರೋಗಿ ಕೈಗೇ ಪರದೆ ಕೊಡೋದು ನಿಮ್ಮ ಪಾಠದಲ್ಲಿತ್ತಾ ಮೇಡಂ?’ ಎಂದರು ಪ್ರಿನ್ಸಿಪಾಲರು ಪಿಸುದನಿಯಲ್ಲಿ.

‘ಇಲ್ಲ ಸರ್. ಮುಂದಿನ ವರ್ಷದಿಂದ ಇರುತ್ತೆ.’

‘ಮತ್ತೆ ಅವಳಿಗೆ ಹೇಗೆ ಗೊತ್ತಾಯ್ತು?’

‘ಕೇಳಿಲ್ಲ ಸರ್.’

‘ವಾರ್ಡಿಗೆ ಕಳಿಸಿ,’ ಎಂದು ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಳ್ಳುತ್ತ ಹೊರಟರು.

ಸುತ್ತ ಕೂತು ಮಾತಾಡುವಾಗ ನಾಟಕದಕ್ಕ ಎಲ್ಲರಿಗಿಂತ ಮೊದಲು ದೂರು ಹೇಳಿದರು. ‘ಇವತ್ತು ಅಳೋಕೇ ಬರ್ಲಿಲ್ಲ ಕಣ್ರೀ. ಎಷ್ಟು ಚೆನ್ನಾಗಿ ತಯಾರಿ ಮಾಡ್ಕೊಂಡ್ ಬಂದಿದ್ದೆ! ಇವಳು ಪರದೆ ಕೈಗೆ ಕೊಟ್ಲು, ನಂಗೆ ಪಾತ್ರಾನೇ ಮರ್ತೋಯ್ತು.’ ಎಲ್ಲರೂ ನಕ್ಕರು. ಗೆಳತಿ ಆಯ್ತಮ್ಮನ ಭುಜಕ್ಕೆ ಭುಜ ತಾಗಿಸಿ ಕೂತಿದ್ದಳು, ತಾಗಿಸುವ ಮುಂಚೆ ಕೇಳಿದ್ದಳು ಕೂಡ.

ಎಲ್ಲರೂ ಹೋದ ಮೇಲೂ ಆಯ್ತಮ್ಮ ಉಳಿದಳು. ತಟ್ಟೆ ಒರೆಸಿದಳು, ಹಾಸಿಗೆಯ ಸುಕ್ಕು ಬಿಡಿಸಿದಳು, ಗೊಂಬೆಗಳಿಗೆ ಹೊದಿಕೆ ಸರಿಮಾಡಿದಳು. ಮಾಡಲು ಕೆಲಸ ಮುಗಿದ ಮೇಲೆ ಬಾಗಿಲ ಹತ್ತಿರ ಬಂದು ನಿಂತಳು.

‘ಮೇಡಂ, ಅವತ್ತು ಯಾಕೆ ಎದ್ದು ಬಂದೆ ಅಂತ... ನಿಮಗೆ ಹೇಳ್ಲಾ?’

ಯಾಕಮ್ಮನ ಮೈಯೆಲ್ಲ ಕಿವಿಯಾಯಿತು. ಇಷ್ಟು ದಿನ ಕಟ್ಟಿಹಾಕಿದ್ದ ಆಸೆ ಹಗ್ಗ ಹರಿದುಕೊಂಡು ಗಂಟಲ ತನಕ ಬಂತು. ಹೇಳು ಎನ್ನುವ ಒಂದೇ ಮಾತು ಸಾಕಿತ್ತು. ಅವರು ಸ್ಟೂಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

‘ನಿಂಗೆ ಹೇಳ್ಬೇಕು ಅನ್ಸುತ್ತೋ, ಇಲ್ಲಾ ನಂಗೆ ಕೇಳೋ ಆಸೆ ಇದೆ ಅಂತ ಹೇಳ್ತಿದೀಯೋ?’

ಹುಡುಗಿ ಪರದೆಯ ಕಡೆ ನೋಡಿದಳು. ಪರೀಕ್ಷೆಯ ಯಾವ ಪ್ರಶ್ನೆಗೂ ಅವಳು ಅಷ್ಟು ಹೊತ್ತು ಯೋಚಿಸಿದ್ದನ್ನು ಯಾಕಮ್ಮ ಕಂಡಿರಲಿಲ್ಲ.

‘ನಿಮಗೆ ಆಸೆ ಇದೆ ಅಂತ ಮೇಡಂ.’

‘ಆಸೆ ಇದೆಯಾ? ಹೊಟ್ಟೆ ಉಬ್ಬಿ ಸಾಯ್ತಿದೀನಿ ಕಣೇ. ಮನೇಲಿ ನಮ್ಮಮ್ಮ ಬೇರೆ ಪ್ರಾಣ ತಿಂತಿದಾರೆ.’

ಆಯ್ತಮ್ಮ ನಕ್ಕಳು. ಯಾಕಮ್ಮನೂ ನಕ್ಕರು. ನಗು ನಿಂತ ಮೇಲೆ ಅವಳ ಮುಖದ ಮೇಲೆ ಏನೋ ಬಂದು ಹೋಯಿತು, ಹೊಸ ಚಪ್ಪಲಿ ಹಾಕಿಕೊಂಡು ಮೊದಲ ಹೆಜ್ಜೆ ಇಡುವವರ ಅನುಮಾನದ ಹಾಗೆ.

‘ಹಾಗಾದ್ರೆ ಬೇಡ ಮೇಡಂ,’ ಎಂದಳು. ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿದಂತೆ ಒಂದು ಕ್ಷಣ ನಿಂತು, ಮತ್ತೆ, ಈ ಸಲ ಗಟ್ಟಿಯಾಗಿ ಹೇಳಿದಳು. ‘ಇವತ್ತು ಬೇಡ.’

ಈ ಹುಡುಗಿ ‘ಬೇಡ’ ಎನ್ನುವ ಮಾತನ್ನು ತನಗೋಸ್ಕರವೇ ಹೇಳಿಕೊಂಡದ್ದನ್ನು ಯಾಕಮ್ಮ ಕೇಳಿದ್ದು ಅದೇ ಮೊದಲು. ಅವರಿಗೆ ಕಣ್ಣು ತುಂಬಿ ಬಂತು, ಅದನ್ನು ಅವರು ಮರೆಮಾಡಲಿಲ್ಲ. ಇನ್ನು ಎಂದೂ ಆ ಕಥೆ ತನಗೆ ತಿಳಿಯದೆ ಹೋದರೂ ಪರವಾಗಿಲ್ಲ ಎನ್ನಿಸಿತು, ಅದೂ ಅವರ ಜೀವಮಾನದಲ್ಲಿ ಮೊದಲ ಸಲ.

‘ಆಯ್ತು,’ ಎಂದರು ಯಾಕಮ್ಮ.